ಮಳೆಗೆ ಮೊದಲೇ ಚಿಗುರುವ ಮರಗಳು

ಮಾರ್ಚ್ ತಿಂಗಳೆಂದರೆ ನಿಮಗೆ ಪರೀಕ್ಷೆ. ಪ್ರಕೃತಿಗೆ ಅದೇ ವಸಂತ. ಇವೆರಡನ್ನೂ ಒಂದೇ ತಿಂಗಳಿಗೆ ತಂದಿಟ್ಟವರು ಯಾರೋ ಕಾಣೆ. ವರ್ಷದಲ್ಲಿ ಹೊರಗೆ ನೋಡಲು ಅತಿ ಹೆಚ್ಚು ಸಂಗತಿಗಳಿರುವ ಹೊತ್ತಿನಲ್ಲೇ ನಾವು ಮಕ್ಕಳನ್ನು ಕೋಣೆಯೊಳಗೆ ಕೂರಿಸುತ್ತೇವೆ. ಓದುವುದನ್ನು ಬಿಡಿ ಎಂದು ನಾನು ಹೇಳಲಾರೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹೊರಗೆ ಬನ್ನಿ ಎಂದಷ್ಟೇ ಕೇಳುತ್ತೇನೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುತ್ತಿರುವ ಬಾಷ್ಪವಿಸರ್ಜನೆ ಅಲ್ಲೇ ರಸ್ತೆಯ ಪಕ್ಕದಲ್ಲಿ ನಡೆಯುತ್ತಿರುತ್ತದೆ.

ಕೋಲಾರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2011ರ ಜನಗಣತಿಯಂತೆ ಸುಮಾರು 1.38 ಲಕ್ಷ ಜನರಿದ್ದ ಊರು. ದೊಡ್ಡ ನಗರವೂ ಅಲ್ಲ, ಹಳ್ಳಿಯೂ ಅಲ್ಲ. ಲಾಲ್‌ಬಾಗಿನಂಥ ತೋಟ ಇಲ್ಲಿಲ್ಲ. ಆದರೆ ಪೇಟೆಯ ಬೆನ್ನಿಗೇ ಶತಶೃಂಗ ಬೆಟ್ಟವಿದೆ, ಸುತ್ತ ಕೆರೆಗಳಿವೆ, ಕ್ಯಾಲನೂರಿನಂಥ ಹಳ್ಳಿಗಳ ದಾರಿಯಲ್ಲಿ ಹೊಂಗೆ, ಹುಣಸೆ, ಬೇವು, ಅರಳಿ ಮರಗಳಿವೆ. ಈ ಮರಗಳೇ ನಮಗೊಂದು ಒಗಟನ್ನು ಮುಂದಿಡುತ್ತವೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 750 ಮಿಲಿಮೀಟರ್. ಅದರಲ್ಲೂ ಹೆಚ್ಚು ಪಾಲು ಸೆಪ್ಟೆಂಬರ್–ಅಕ್ಟೋಬರಿನ ಆಸುಪಾಸಿನದು. ಜನವರಿಯಿಂದ ಮಾರ್ಚಿನವರೆಗೆ ಆಕಾಶ ಬರಿದು, ನೆಲ ಒಣಗಿ ಬಿರುಕು. ಇಂಥ ಹೊತ್ತಿನಲ್ಲಿ, ಒಂದು ಹನಿ ಮಳೆಯೂ ಬೀಳದೆ, ಹೊಂಗೆಯ ಮರ ಹಳೆಯ ಎಲೆಗಳನ್ನೆಲ್ಲ ಉದುರಿಸಿ, ಒಂದೆರಡು ವಾರಗಳಲ್ಲೇ ಎಳೆಹಸುರು ತುಂಬಿಕೊಂಡು ನಿಲ್ಲುತ್ತದೆ. ನೀರೇ ಇಲ್ಲದಾಗ ಈ ಚಿಗುರು ಬರುವುದು ಎಲ್ಲಿಂದ?

ಉತ್ತರ ಎಲೆ ಉದುರುವುದರಲ್ಲೇ ಇದೆ. ಎಲೆಗಳೆಂದರೆ ನೀರು ಆವಿಯಾಗಿ ಹೋಗುವ ಬಾಗಿಲುಗಳು. ಅವು ಉದುರಿದೊಡನೆ ಖರ್ಚು ನಿಲ್ಲುತ್ತದೆ. ಆಳಕ್ಕಿಳಿದ ಬೇರುಗಳು ಮಾತ್ರ ಕೆಳಗಿನ ಮಣ್ಣಿನ ತೇವವನ್ನು ನಿಧಾನವಾಗಿ ಎಳೆಯುತ್ತಲೇ ಇರುತ್ತವೆ. ಖರ್ಚಿಲ್ಲದ ಮನೆಯಲ್ಲಿ ಸ್ವಲ್ಪ ವರಮಾನವೂ ಉಳಿತಾಯವಾಗುವಂತೆ, ಕಾಂಡ ಮತ್ತು ಕೊಂಬೆಗಳ ಜೀವಕೋಶಗಳಲ್ಲಿ ಮತ್ತೆ ನೀರು ತುಂಬಿಕೊಳ್ಳುತ್ತದೆ, ಮೊಗ್ಗುಗಳು ಉಬ್ಬುತ್ತವೆ. ಡಿಸೆಂಬರ್ ಕೊನೆಯಿಂದ ಹಗಲು ದೀರ್ಘವಾಗುತ್ತ ಬರುವುದು ಮತ್ತು ಬಿಸಿ ಏರುವುದು ಮರಕ್ಕೆ ಸೂಚನೆ. ಇಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟನ್ನೂ ಮರಗಳು ಗುರುತಿಸುತ್ತವೆ ಎಂಬುದು ಸಣ್ಣ ಮಾತಲ್ಲ.

ಇದರಿಂದ ಮರಕ್ಕೆ ಲಾಭವೂ ಇದೆ. ಎಲೆ ತಿನ್ನುವ ಹುಳುಗಳು ಮಳೆಯೊಡನೆ ಹೆಚ್ಚುತ್ತವೆ. ಅಷ್ಟರಲ್ಲಿ ಚಿಗುರು ಬಲಿತು ಗಟ್ಟಿಯಾಗಿರುತ್ತದೆ. ಮಳೆ ಬಿದ್ದ ದಿನವೇ ಆಹಾರ ತಯಾರಿಸಲು ಎಲೆಗಳು ಸಿದ್ಧವಾಗಿರುತ್ತವೆ. ಅರಳಿ ಮತ್ತು ಮಾವಿನ ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿರುವುದನ್ನು ನೋಡಿದ್ದೀರಿ. ಆಂಥೋಸಯನಿನ್ ಎಂಬ ವರ್ಣದ್ರವ್ಯದ ಕೆಲಸ ಅದು. ಹರಿತ್ತು ಇನ್ನೂ ತುಂಬದ ಎಳೆಯ ಎಲೆಯನ್ನು ಅದು ತೀಕ್ಷ್ಣ ಬಿಸಿಲಿನಿಂದ ಕಾಪಾಡುತ್ತದೆ, ಕೀಟಗಳಿಂದಲೂ ಕಾಪಾಡುತ್ತಿರಬಹುದು ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಅರಳಿಕಟ್ಟೆಯ ಮೇಲೆ ಬೆನ್ನುಚಾಚಿ ಮಲಗಿ ಮೇಲಕ್ಕೆ ನೋಡಿ. ಬೆಳಕು ಆ ಎಲೆಗಳನ್ನು ಹಾದು ಬರುವ ಬಗೆಯನ್ನು ನಮ್ಮ ಕ್ಯಾಮೆರಾಗಳು ಇಂದಿಗೂ ಸರಿಯಾಗಿ ಹಿಡಿದಿಲ್ಲ ಎಂದೇ ನನ್ನ ಅಭಿಪ್ರಾಯ.

ಹೊಂಗೆಯ ಬಳಿ ಇನ್ನಷ್ಟು ಹೊತ್ತು ನಿಲ್ಲಿ. ಏಪ್ರಿಲ್ ಹೊತ್ತಿಗೆ ಅದರ ಬಿಳಿ–ನೇರಳೆ ಹೂ ನೆಲದ ಮೇಲೆ ಹಾಸಿಗೆಯಂತೆ ಬಿದ್ದಿರುತ್ತದೆ. ಮೇಲೆ ಜೇನ್ನೊಣಗಳ ಝೇಂಕಾರ. ಎಲೆಗಳ ಮೇಲೆ ಸಣ್ಣ ಗಂಟುಗಳು ಕಂಡರೆ ರೋಗವೆಂದು ಮುಖ ತಿರುಗಿಸಬೇಡಿ. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳು ಎಲೆಯನ್ನೇ ಒಲಿಸಿಕೊಂಡು ಕಟ್ಟಿಸಿಕೊಂಡ ಮನೆಗಳವು. ಒಂದನ್ನು ಬ್ಲೇಡಿನಿಂದ ಸೀಳಿ, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ.

ಶ್ರೀನಿವಾಸಪುರದ ಕಡೆಯವರಿಗೆ ಮಾವಿನ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ಆದರೂ ಒಂದು ಲೆಕ್ಕ ಮಾಡಿ ನೋಡಿ. ಒಂದು ಹೂಗೊಂಚಲನ್ನು ಆರಿಸಿ ಅದಕ್ಕೆ ದಾರ ಕಟ್ಟಿ. ಅದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಹೂಗಳಿರುತ್ತವೆ. ಅವುಗಳಲ್ಲಿ ಬಹುಪಾಲು ಗಂಡು ಹೂಗಳು. ವಾರಕ್ಕೊಮ್ಮೆ ಉಳಿದ ಮಿಡಿಗಳನ್ನು ಎಣಿಸಿ. ಕೊನೆಗೆ ಹಣ್ಣಾಗುವುದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಹೂ ಎಂಬುದು ನಿಮ್ಮ ಎಣಿಕೆಯಿಂದಲೇ ತಿಳಿಯುತ್ತದೆ. ಪರಾಗಸ್ಪರ್ಶದ ಕೆಲಸದಲ್ಲಿ ದೊಡ್ಡ ಪಾಲು ನಾವು ಅಸಹ್ಯಪಡುವ ನೊಣಗಳದು.

ಕೋಗಿಲೆಯ ವಿಷಯ. ಕುಹೂ ಎನ್ನುವುದು ಗಂಡು. ಮೈ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ, ಚುಕ್ಕೆಗಳ ಹಕ್ಕಿ. ಕಾಗೆಗಳು ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಇದರ ಕೂಗು ಏರುತ್ತದೆ. ಏಕೆಂದು ನಿಮಗೆ ಗೊತ್ತೇ ಇದೆ.

ಮರಗಳಿಲ್ಲದ ಬಡಾವಣೆಯಲ್ಲಿರುವವರು ಬೇಸರಿಸಬೇಕಿಲ್ಲ. ಏಪ್ರಿಲ್ 24–25ರ ಸುಮಾರಿಗೆ ಕೋಲಾರದಲ್ಲಿ ಸೂರ್ಯ ನಡುಹಗಲು ನೇರ ನೆತ್ತಿಯ ಮೇಲೆ ಬರುತ್ತಾನೆ. ಮಹಡಿಯ ಮೇಲೆ ನೆಟ್ಟಗೆ ಒಂದು ಕೊಳವೆಯನ್ನು ನಿಲ್ಲಿಸಿ. ನೆರಳು ಕಿರಿದಾಗುತ್ತ ಬಂದು ಬುಡದಲ್ಲೇ ಅಡಗಿಹೋಗುತ್ತದೆ. ಗಡಿಯಾರ ಆಗ 12 ತೋರಿಸುವುದಿಲ್ಲ, ಸುಮಾರು 12 ಗಂಟೆ 15 ನಿಮಿಷ ತೋರಿಸುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕೋಲಾರವಿರುವುದು 78 ಡಿಗ್ರಿಯ ಬಳಿ. ಬೀದರಿನ ಗೆಳೆಯರು ಇದೇ ನೋಟಕ್ಕೆ ಮೇ ಎರಡನೆಯ ವಾರದವರೆಗೆ ಕಾಯಬೇಕು. ದೆಹಲಿಯವರಿಗಂತೂ ಈ ಭಾಗ್ಯ ಎಂದೂ ಇಲ್ಲ.

ಇನ್ನು ಹೋಗುವುದೆಲ್ಲಿಗೆ? ಅಂತರಗಂಗೆಗೆ. ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಬೇಸಿಗೆಯಲ್ಲೂ ನಿಲ್ಲುವುದಿಲ್ಲವೆಂದು ಹೆಸರಾದ ಜಾಗ. ಮಳೆನೀರು ಬಂಡೆಯ ಸೀಳುಗಳಲ್ಲಿ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಸಾಗಿ, ಕೆಳಗೆ ಬಾಯಿ ಸಿಕ್ಕಲ್ಲಿ ಹೊರಬರುತ್ತದೆ. ಬೆಟ್ಟದ ತುಂಬ ಗುಂಡುಗುಂಡಾದ ಬಂಡೆಗಳಿವೆ. ಬಂಡೆ ಒಡೆದಾಗ ಮೂಲೆಗಳು ಎರಡು ಮೂರು ಕಡೆಯಿಂದ ಗಾಳಿ–ನೀರಿಗೆ ಸಿಕ್ಕಿ ಬೇಗ ಸವೆಯುವುದರಿಂದ ಈ ಆಕಾರ. ಬೆಳಗ್ಗೆ ಒಂಬತ್ತರೊಳಗೆ ಇಳಿದುಬಿಡಿ, ತಿಂಡಿಯ ಚೀಲವನ್ನು ಕೋತಿಗಳಿಗೆ ತೋರಿಸಬೇಡಿ, ಗವಿಗಳೊಳಗೆ ಒಬ್ಬರೇ ನುಗ್ಗಬೇಡಿ. ಕೆರೆಗಳ ಏರಿಯೂ ಒಳ್ಳೆಯ ಜಾಗವೇ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಇಲ್ಲಿನ ಅನೇಕ ಕೆರೆಗಳಿಗೆ ಬರುತ್ತಿದೆ. ಹಕ್ಕಿಗಳನ್ನು ಏರಿಯಿಂದಲೇ ನೋಡಿ. ನೀರಿಗಿಳಿದು ಈಜುವುದು ಬೇಡ.

ಆದರೆ ನಾನು ಹೆಚ್ಚು ಒತ್ತಿ ಹೇಳಬೇಕಾದ್ದು ಗುಂಡುತೋಪುಗಳ ವಿಷಯ. ಹಳೆಯ ಮೈಸೂರು ಸೀಮೆಯಲ್ಲಿ ಊರಿಗೊಂದು ತೋಪು ಇರುತ್ತಿತ್ತು: ಮಾವು, ಹುಣಸೆ, ಹೊಂಗೆ, ನೇರಳೆ. ಯಾರ ಸ್ವಂತದ್ದೂ ಅಲ್ಲದ, ಎಲ್ಲರಿಗೂ ನೆರಳು ಕೊಡುವ ಜಾಗ. ಕಂದಾಯ ದಾಖಲೆಯಲ್ಲೂ ಅದಕ್ಕೆ ಅದೇ ಹೆಸರು. ಊರು ಬೆಳೆದಂತೆ ಅನೇಕ ತೋಪುಗಳು ಕಟ್ಟಡಗಳಾದವು, ಒತ್ತುವರಿಯಾದವು. ಇತ್ತ ಹೊಲಗಳಲ್ಲಿ 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯೊಡನೆ ನೀಲಗಿರಿ ಹಬ್ಬಿತು. ನೀಲಗಿರಿ ವರ್ಷವಿಡೀ ಹಸುರಾಗಿಯೇ ನಿಂತು ವರ್ಷವಿಡೀ ನೀರೆಳೆಯುವ ಮರ. ಎಲೆ ಉದುರಿಸಿ ಖರ್ಚು ನಿಲ್ಲಿಸುವ ನಮ್ಮ ಹೊಂಗೆಯ ಜಾಣ್ಮೆ ಅದಕ್ಕಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಮ್ಮ ಊರಿನ ತೋಪು ಎಷ್ಟು ಎಕರೆಯದು, ಈಗ ಎಷ್ಟು ಉಳಿದಿದೆ? ಅಜ್ಜನನ್ನು ಕೇಳಿ, ಗ್ರಾಮ ಆಡಳಿತ ಅಧಿಕಾರಿಯನ್ನೂ ಕೇಳಿ. ಇಬ್ಬರ ಉತ್ತರವನ್ನೂ ಬರೆದುಕೊಳ್ಳಿ.

ಜಪಾನಿನ ಕ್ಯೋಟೋ ನಗರದಲ್ಲಿ ಚೆರ್ರಿ ಮರ ಹೂಬಿಟ್ಟ ದಿನಗಳ ದಾಖಲೆ ಸುಮಾರು 1200 ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಮರಗಳು ಪೂರ್ತಿ ಅರಳಿದಾಗ, ಅಷ್ಟು ಬೇಗ ಹಿಂದೆಂದೂ ಆಗಿರಲಿಲ್ಲವೆಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಆ ದಾಖಲೆಯಿಂದ. ನಮ್ಮಲ್ಲಿಯೂ ಶಾಲಾಮಕ್ಕಳಿಂದ ಇಂಥ ವಿವರ ಸಂಗ್ರಹಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮವಿದೆ. ಬೇಕಾದ್ದು ಒಂದು ನೋಟುಬುಕ್ಕು, ಒಂದು ಮರ. ವಾರಕ್ಕೊಮ್ಮೆ ಒಂದೇ ದಿನ, ಒಂದೇ ಮರದ ಕೆಳಗೆ ನಿಂತು ನಾಲ್ಕು ಅಂಕಣ ತುಂಬಿ: ಹಳೆಯ ಎಲೆ, ಚಿಗುರು, ಹೂ, ಕಾಯಿ. ಪ್ರತಿಯೊಂದರ ಎದುರಿಗೂ ‘ಇಲ್ಲ’, ‘ಸ್ವಲ್ಪ’ ಅಥವಾ ‘ಬಹಳ’ ಎಂದು ಬರೆದರೆ ಸಾಕು. ತಾರೀಖು ಹಾಕಲು ಮಾತ್ರ ಮರೆಯಬೇಡಿ.