ಚೊಗರು ಮಾಗುವ ಹೊತ್ತು

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಕಡೆಯ ಅಡಿಕೆ ದರಪಟ್ಟಿಯಲ್ಲಿ ಹೊಸ ಅಡಿಕೆಗೆ ಒಂದು ಬೆಲೆ, ಹಳೆ ಅಡಿಕೆಗೆ ಇನ್ನೊಂದು, ಅದಕ್ಕೂ ಹೆಚ್ಚು ಕಾಲ ದಾಸ್ತಾನಿನಲ್ಲಿದ್ದ ಡಬಲ್ ಚೋಲ್‌ಗೆ ಮತ್ತೊಂದು. 40–45 ದಿನ ಅಂಗಳದ ಬಿಸಿಲಲ್ಲಿ ಒಣಗಿದ ಚಾಲಿ ಒಂದು ಮಳೆಗಾಲ ದಾಟಿತೆಂದರೆ ಸಾಮಾನ್ಯವಾಗಿ ಅದರ ಬೆಲೆ ಏರುತ್ತದೆ. ಆದರೆ ಕೀಳು ದರ್ಜೆಯ ಪಟೋರವನ್ನೋ ಕರಿಗೋಟನ್ನೋ ಎಷ್ಟು ವರ್ಷ ಅಟ್ಟದ ಮೇಲೆ ಇಟ್ಟರೂ ಅದು ಡಬಲ್ ಚೋಲ್ ಆಗುವುದಿಲ್ಲ. ಒಳ್ಳೆಯ ಚಾಲಿಯೂ ತೇವ ತಾಗಿದರೆ ಬೂಸು ಬಂದು, ಕುಟ್ಟೆ ಹಿಡಿದು ಹಾಳಾಗುತ್ತದೆ. ಅದಕ್ಕೇ ಬಲ್ಲ ವ್ಯಾಪಾರಿ ಚೀಲದ ಬಾಯಲ್ಲಿ ಕಾಣುವ ಅಡಿಕೆ ನೋಡಿ ದರ ಹೇಳುವುದಿಲ್ಲ. ತಳಕ್ಕೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿ ತಿರುಳೂ ಕಂದು ಗೆರೆಗಳೂ ಹೇಗಿವೆ ಎಂದು ನೋಡುತ್ತಾನೆ. ಹಳತಾಗುವುದು ಬೇರೆ, ಮಾಗುವುದು ಬೇರೆ ಎಂಬುದು ಈ ಊರುಗಳಿಗೆ ಚೆನ್ನಾಗಿ ಗೊತ್ತು. ಇಟ್ಟು ಮಾಗಿಸಲೆಂದು ರೆಡ್ ವೈನ್ ಕೊಳ್ಳುವವರಿಗೆ ಬೇಕಾದದ್ದೂ ಇದೇ ಕಣ್ಣು. ವೈನ್ ಪುಸ್ತಕಗಳು ಹೆಸರು, ಊರು, ಅಂಕಗಳಲ್ಲಿ ಹೇಳುವುದನ್ನು ಇಲ್ಲಿನ ಓದುಗರು ಅಡಿಕೆಯ ಮೂಲಕ ಇನ್ನೂ ನೇರವಾಗಿ ತಿಳಿಯಬಹುದು.

ಈ ಹೋಲಿಕೆ ಬರಿಯ ಅಲಂಕಾರವಲ್ಲ. ಎಳೆ ಅಡಿಕೆ ಅಗಿದಾಗ ನಾಲಗೆ ಜಡ್ಡುಗಟ್ಟಿ, ವಸಡು ಬಿಗಿದುಕೊಳ್ಳುತ್ತದಲ್ಲ, ಆ ಒಗರಿಗೆ ಕಾರಣ ಟ್ಯಾನಿನ್. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಇಳಿಸುವ ಕೆಂಪು ಚೊಗರಿನಲ್ಲಿ ತುಂಬಿರುವುದೂ ಅದೇ. ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲೂ ಬೀಜದಲ್ಲೂ ಇದರ ಹತ್ತಿರದ ನಂಟಿನ ಟ್ಯಾನಿನ್‌ಗಳಿವೆ. ರೆಡ್ ವೈನ್ ಮಾಡುವಾಗ ರಸವನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುವುದರಿಂದ ಬಣ್ಣವೂ ಚೊಗರೂ ಒಟ್ಟಿಗೆ ಇಳಿಯುತ್ತವೆ. ಬಾಟಲಿಯೊಳಗೆ ವರ್ಷಗಳು ಕಳೆದಂತೆ ಬಣ್ಣದ ಕಣಗಳೂ ಟ್ಯಾನಿನ್ ಕಣಗಳೂ ಒಂದಕ್ಕೊಂದು ಕೊಂಡಿಯಾಗಿ ದೊಡ್ಡದಾಗುತ್ತವೆ. ಅದರಲ್ಲೊಂದು ಪಾಲು ಮಡ್ಡಿಯಾಗಿ ತಳಕ್ಕೆ ಕೂರುತ್ತದೆ. ನೇರಳೆಗೆಂಪು ಬಣ್ಣ ಹಂಚಿನ ಕೆಂಪಿಗೆ ತಿರುಗುತ್ತದೆ, ಬಿಗಿಯಾಗಿದ್ದ ಒಗರು ಮೃದುವಾಗುತ್ತದೆ, ತಾಜಾ ಹಣ್ಣಿನ ವಾಸನೆ ಹಿಂದೆ ಸರಿದು ಒಣಹಣ್ಣು, ತೊಗಲು, ಹೊಗೆಸೊಪ್ಪುಗಳ ವಾಸನೆ ಮುಂದೆ ಬರುತ್ತದೆ. ಇಷ್ಟೆಲ್ಲ ಆಗಬೇಕಾದರೆ ಮೊದಲ ದಿನವೇ ಬಾಟಲಿಯಲ್ಲಿ ಕೆಲಸಕ್ಕೆ ಸಾಕಷ್ಟು ಸರಕು ಇರಬೇಕು. ಚೊಗರು ಇರಬೇಕು, ಕೆಡದಂತೆ ಕಾಯುವ ಹುಳಿ ಇರಬೇಕು, ಒಗರು ಇಳಿದ ಮೇಲೂ ಉಳಿಯುವಷ್ಟು ಹಣ್ಣಿನ ಸಾರ ಇರಬೇಕು. ಜಗತ್ತಿನಲ್ಲಿ ಮಾರಾಟವಾಗುವ ವೈನ್‌ಗಳಲ್ಲಿ ಬಹುಪಾಲು ಈ ಲೆಕ್ಕದಲ್ಲಿ ಮಾಡಿದವೇ ಅಲ್ಲ, ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದವು. ಅವನ್ನು ಹತ್ತು ವರ್ಷ ಜೋಪಾನ ಮಾಡಿದವರಿಗೆ ಸಿಗುವುದು ಸಪ್ಪೆ ನೀರು.

ಹಾಗಾಗಿ ಇಡಲು ಕೊಳ್ಳುವವರು ರುಚಿ ನೋಡುವ ರೀತಿಯೇ ಬೇರೆಯಾಗಬೇಕು. ಇವತ್ತು ಹಿತವಾಗಿದೆಯೇ ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಗ್ಲಾಸಿಗೆ ಎರಡು ಬೆರಳಷ್ಟು ಹಾಕಿ, ಬಿಳಿ ಪಂಚೆಯ ಮೇಲೋ ಹಾಳೆಯ ಮೇಲೋ ವಾಲಿಸಿ ಅಂಚನ್ನು ನೋಡಿ. ಒಂದು ವರ್ಷದ ವೈನಿನ ಅಂಚು ಆಗಲೇ ಕಂದಾಗಿದ್ದರೆ ಅದರ ಆಯುಷ್ಯ ಅರ್ಧ ಮುಗಿದಿದೆ. ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, ಒಗರು ಎಲ್ಲಿ ಹಿಡಿಯಿತು ಎಂದು ಗಮನಿಸಿ. ಬಲಿಯದ ದ್ರಾಕ್ಷಿಯ ಒಗರು ಒರಟು, ಕಹಿ ಬೆರೆತದ್ದು, ಬಾಳೆಕಾಯಿ ಕಚ್ಚಿದಂತೆ. ಅದು ಎಷ್ಟು ಕಾದರೂ ಪಳಗುವುದಿಲ್ಲ. ಬಲಿತ ಹಣ್ಣಿನ ಒಗರು ನುಣ್ಣಗಿರುತ್ತದೆ, ವಸಡಿನ ಮೇಲೆ ಸಮವಾಗಿ ಹರಡಿ, ಅದರ ಹಿಂದೆಯೇ ಹುಳಿ ಬಂದು ಬಾಯಲ್ಲಿ ನೀರೂರಿಸುತ್ತದೆ. ನುಂಗಿದ ಮೇಲೆ ಹಣ್ಣಿನ ರುಚಿ ಎಷ್ಟು ಹೊತ್ತು ನಿಂತಿತು ಎಂದು ಮನಸ್ಸಿನಲ್ಲೇ ಎಣಿಸಿ. ಒಗರು ಉಳಿದು ಹಣ್ಣು ಮೊದಲೇ ಮಾಯವಾದರೆ ಆ ವೈನ್ ಇಡಲು ತಕ್ಕದ್ದಲ್ಲ. ಇನ್ನೊಂದು ಖರ್ಚಿಲ್ಲದ ಪರೀಕ್ಷೆಯಿದೆ. ಅರ್ಧ ಬಾಟಲಿಗೆ ಬಿರಡೆ ಹಾಕಿಟ್ಟು ಮರುದಿನ ಮತ್ತೆ ರುಚಿ ನೋಡಬೇಕು. ರಾತ್ರಿಯಿಡೀ ಗಾಳಿ ತಾಗಿಯೂ ಕುಗ್ಗದೆ, ಮೊದಲ ದಿನಕ್ಕಿಂತ ಬಿಚ್ಚಿಕೊಂಡಿದ್ದರೆ ಅದರಲ್ಲಿ ಕಸುವಿದೆ ಎಂದರ್ಥ. ಇದು ಪೂರ್ತಿ ಪ್ರಮಾಣವಲ್ಲ, ಅಡಕತ್ತರಿಯ ಸೀಳಿನ ಹಾಗೆ ಒಂದು ಸುಳಿವು. ಆದರೆ ಲೇಬಲ್ಲಿನ ಮೇಲಿನ ಚಿನ್ನದ ಅಕ್ಷರಕ್ಕಿಂತ ನಂಬಬಹುದಾದ ಸುಳಿವು.

ಇಷ್ಟೆಲ್ಲ ಯಾಕೆ, ದುಬಾರಿ ಬಾಟಲಿ ಕೊಂಡರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಬಳ್ಳಿಗೆ ಕಡಿಮೆ ಗೊನೆ ಬಿಡುವುದಕ್ಕೂ ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವುದಕ್ಕೂ ಹಣ ಬೀಳುತ್ತದೆ. ಆದರೆ ಒಂದು ಮಟ್ಟದಿಂದಾಚೆ ನಾವು ತೆರುವುದು ಹೆಸರಿಗೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬೆಲೆ ಮುಚ್ಚಿಟ್ಟು ನಡೆಸಿದ 6,000ಕ್ಕೂ ಹೆಚ್ಚು ರುಚಿ ಪರೀಕ್ಷೆಗಳನ್ನು ಲೆಕ್ಕ ಹಾಕಿದಾಗ, ತರಬೇತಿಯಿಲ್ಲದವರು ದುಬಾರಿ ವೈನನ್ನು ಹೆಚ್ಚು ಮೆಚ್ಚಲಿಲ್ಲ, ತುಸು ಕಡಿಮೆಯೇ ಮೆಚ್ಚಿದರು. ಅದು ಅವತ್ತಿನ ರುಚಿಯ ಮಾತು, ಮಾಗುವ ಶಕ್ತಿಯ ಮಾತಲ್ಲ ಎನ್ನಬಹುದು. ಅದಕ್ಕೆ ಉತ್ತರ ಇನ್ನೊಂದು ಘಟನೆಯಲ್ಲಿದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ಪರೀಕ್ಷೆಯಲ್ಲಿ, ಲೇಬಲ್ ಕಾಣದೆ ರುಚಿ ನೋಡಿದ ಫ್ರಾನ್ಸಿನ ತೀರ್ಪುಗಾರರು ತಮ್ಮದೇ ದೇಶದ ಬೋರ್ಡೋದ ಘನ ಹೆಸರುಗಳನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973ಕ್ಕೆ ಮೊದಲ ಸ್ಥಾನ ಕೊಟ್ಟರು. ಎಳೆಯದರಲ್ಲಿ ಗೆದ್ದಿರಬಹುದು, ವಯಸ್ಸಾದ ಮೇಲೆ ನಮ್ಮದೇ ಮೇಲು ಎಂಬುದು ಬೋರ್ಡೋ ಪಕ್ಷದ ವಾದವಾಗಿತ್ತು. 30 ವರ್ಷ ಕಳೆದು 2006ರಲ್ಲಿ ಅವೇ ವೈನ್‌ಗಳನ್ನು ಮತ್ತೆ ತೆರೆದರು. ರಿಡ್ಜ್ ಮಾಂಟೆ ಬೆಲ್ಲೊ 1971 ಮೊದಲು ಬಂತು, ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾಕ್ಕೇ ಹೋದವು. ಬೋರ್ಡೋ ತನ್ನ ವೈನ್‌ಗಳ 1855ರ ಶ್ರೇಣಿಪಟ್ಟಿಯನ್ನು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇಟ್ಟುಕೊಂಡಿದೆ. ಬಾಟಲಿಯೊಳಗಿನ ಚೊಗರಿಗೆ ಆ ಪಟ್ಟಿ ಗೊತ್ತಿಲ್ಲ.

ಹಾಗಾದರೆ ಕರ್ನಾಟಕದ ವೈನ್? ನಮ್ಮ ದ್ರಾಕ್ಷಿಗೆ ಆಯುಷ್ಯವಿಲ್ಲ ಎಂದು ಸಾರಾಸಗಟಾಗಿ ಹೇಳುವವರು ಎರಡು ಬೇರೆ ಹಣ್ಣುಗಳನ್ನು ಒಂದೇ ಬುಟ್ಟಿಗೆ ಹಾಕುತ್ತಿದ್ದಾರೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಅಮೆರಿಕದ ಜಾತಿಯ ರಕ್ತವಿರುವ ತಳಿ. ತಿನ್ನಲು, ಜ್ಯೂಸಿಗೆ, ನಮ್ಮ ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್‌ಗೆ ಮಾಡುವ ಸಿಹಿ ವೈನಿಗೆ ಅದು ಸೊಗಸು. ಅದರಿಂದ ಮಾಡಿ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನಿಗೂ ಪೋರ್ಚುಗಲ್‌ನ ಡೌರೊ ಕಣಿವೆಯ ಪೋರ್ಟ್‌ಗೂ ಹೆಸರಿನ ನಂಟು ಮಾತ್ರ. ಈ ಅಗ್ಗದ ವೈನನ್ನು ಇಟ್ಟು ಫಲವಿಲ್ಲ. ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ತಳಿಗಳ ಕಥೆ ಬೇರೆ. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಕಡೆ 1980ರ ದಶಕದ ಕೊನೆಗೆ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿಗಳ ತೋಟ ಹಾಕಿತು. ಈ ಎರಡು ತಳಿ ಬೆರೆಸಿ ಫ್ರೆಂಚ್ ಓಕ್ ಪೀಪಾಯಿಯಲ್ಲಿಟ್ಟ ಅವರ ಲಾ ರಿಸರ್ವ್ ನಮ್ಮ ರಾಜ್ಯದ ಹಳೆಯ ಉದಾಹರಣೆ. 2007ರ ವೈನ್ ನೀತಿಯ ನಂತರ ತೋಟಗಳು ಇನ್ನಷ್ಟು ಹಬ್ಬಿದವು, ಹಂಪಿಯ ಕಡೆಯಿಂದಲೂ ಈಗ ಗಟ್ಟಿ ಕ್ಯಾಬರ್ನೆ ಬರುತ್ತಿದೆ. ತೊಡಕು ಇಲ್ಲವೆಂದಲ್ಲ. ಇಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುವುದಿಲ್ಲ. ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡಿ, ಮಳೆ ಮುಗಿದ ಮೇಲೆ ಕಾಯಿ ಕಟ್ಟಿಸಿ, ಫೆಬ್ರವರಿ–ಮಾರ್ಚ್ ಹೊತ್ತಿಗೆ ಕೊಯ್ಯಬೇಕು. ಆಗ ಏರುವ ಬಿಸಿಲು ಸಿಪ್ಪೆಯ ಚೊಗರು ಬಲಿಯುವ ಮೊದಲೇ ಹಣ್ಣಿನ ಹುಳಿ ಇಳಿಸುತ್ತದೆ. ಸುಮಾರು 900 ಮೀಟರ್ ಎತ್ತರದ ನಂದಿ ತಪ್ಪಲಿನ ತಂಪು ರಾತ್ರಿಗಳು ಹುಳಿಯನ್ನು ಒಂದಿಷ್ಟು ಉಳಿಸಿಕೊಡುತ್ತವೆ. ಆದ್ದರಿಂದ ನಮ್ಮ ಒಳ್ಳೆಯ ರಿಸರ್ವ್ ವೈನ್‌ಗಳಿಗೆ ನಾಲ್ಕೈದು ವರ್ಷದ ಲೆಕ್ಕ ಇಟ್ಟುಕೊಳ್ಳುವುದು ನ್ಯಾಯ, ಇಪ್ಪತ್ತು ವರ್ಷದ್ದು ದುರಾಸೆ. ಕೊಟ್ಟ ಹಣಕ್ಕೆ ತಕ್ಕ ಫಲ ಎಂಬ ದೃಷ್ಟಿಯಿಂದ ನೋಡಿದರೆ, ಭಾರೀ ಸುಂಕ ಹೊತ್ತು ಬರುವ ಸಾಧಾರಣ ವಿದೇಶಿ ಬಾಟಲಿಗಿಂತ ಕೊಯ್ಲಿನ ವರ್ಷ ನಮೂದಾಗಿರುವ ಇಂಥದೊಂದು ಬಾಟಲಿ ಮೇಲು.

ಅಡಿಕೆಯ ಹೋಲಿಕೆ ಮುರಿಯುವುದು ದಾಸ್ತಾನಿನಲ್ಲಿ. ಅಡಿಕೆಗೆ ಬೇಕಾದದ್ದು ಒಣಗಿದ ಬೆಚ್ಚನೆಯ ಅಟ್ಟ, ವೈನಿಗೆ ಬೇಕಾದದ್ದು ತಂಪು, ಕತ್ತಲೆ, ಬಿರಡೆ ಒಣಗದಷ್ಟು ತೇವ. ತೇವಕ್ಕೆ ಕರಾವಳಿಯಲ್ಲಿ ಬರವಿಲ್ಲ, ತಂಪೇ ಇಲ್ಲ. ಮುರಕಲ್ಲು ಕಡಿದು ನೆಲಮಾಳಿಗೆ ಮಾಡಿದರಾಗದೇ ಎಂದು ತೋರುವುದು ಸಹಜ, ಯುರೋಪಿನವರು ಮಾಡಿದ್ದೂ ಅದನ್ನೇ. ಆದರೆ ಆಳದ ನೆಲ ತಾನಾಗಿ ತಂಪು ಹುಟ್ಟಿಸುವುದಿಲ್ಲ, ಆ ಊರಿನ ವರ್ಷದ ಸರಾಸರಿ ಉಷ್ಣತೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೆ. ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದ ಆಳದ ನೆಲಮಾಳಿಗೆ ಬೇಸಗೆ ಚಳಿಗಾಲವೆನ್ನದೆ 12 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವುದು ಅಲ್ಲಿನ ಸರಾಸರಿ ಅಷ್ಟಿರುವುದರಿಂದ. ನಮ್ಮಲ್ಲಿ ಆ ಸರಾಸರಿ ಸುಮಾರು 27 ಡಿಗ್ರಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಲ್ಲಿನ ಒಳಗು ನಡುಮಧ್ಯಾಹ್ನ ತಣ್ಣಗೆನಿಸುವುದು ಹೊರಗಿನ ಉರಿಗೆ ಹೋಲಿಸಿ ಮಾತ್ರ. ವೈನಿಗೆ ಹಿತವಾದ 12–14 ಡಿಗ್ರಿಗೂ ಇದಕ್ಕೂ ಬಹಳ ಅಂತರ. ಬಿಸಿಯಲ್ಲಿ ಮಾಗುವುದು ಬೇಗ ಮುಗಿದರೆ ಒಳ್ಳೆಯದೇ ಅಲ್ಲವೇ ಎಂಬ ಮಾತೂ ಇದೆ. ಕಾರ್ಬೈಡ್ ಹಾಕಿದ ಮಾವು ಬೇಗ ಹಳದಿಯಾಗುತ್ತದೆ, ಹುಲ್ಲಿನಲ್ಲಿಟ್ಟ ಮಾವಿನ ರುಚಿ ಅದಕ್ಕೆ ಬರುವುದಿಲ್ಲ. ವೈನಿನಲ್ಲೂ ಹತ್ತಾರು ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ, ಬಿಸಿಗೆ ಎಲ್ಲವೂ ಒಂದೇ ಪ್ರಮಾಣದಲ್ಲಿ ವೇಗ ಪಡೆಯುವುದಿಲ್ಲ. ಒಗರು ಪಳಗುವ ಮೊದಲೇ ಹಣ್ಣು ಬೆಂದು ಮುರಬ್ಬದಂತಾಗುತ್ತದೆ.

ಬಿಸಿಯನ್ನೇ ಪಾಕವಾಗಿಸಿಕೊಂಡ ವೈನ್ ಒಂದಿದೆ, ಮಡೇರಾ. ಉಳ್ಳಾಲದಲ್ಲಿ ಅಬ್ಬಕ್ಕ ಎದುರಿಸಿದ ಪೋರ್ಚುಗೀಸರ ದ್ವೀಪದ್ದು ಅದು. ಹಡಗಿನ ತಳದಲ್ಲಿ ಉಷ್ಣವಲಯ ದಾಟಿ ಬಂದ ಪೀಪಾಯಿಗಳ ವೈನ್ ಕೆಡದೆ ರುಚಿ ಕಟ್ಟಿದ್ದನ್ನು ಕಂಡು, ಆಮೇಲೆ ಊರಿನಲ್ಲೇ ಕಾಯಿಸತೊಡಗಿದರು. ಇಂದು ಒಂದು ವಿಧಾನದಲ್ಲಿ 45–50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಇಡುತ್ತಾರೆ. ಮೊದಲೇ ಬೆಂದದ್ದಕ್ಕೆ ನಮ್ಮ ಸೆಕೆ ಏನೂ ಮಾಡದು. ಗಲ್ಫಿನಿಂದ ಬರುವ ನೆಂಟರಿಗೆ ಸುಂಕವಿಲ್ಲದೆ ತರಲು ಇರುವ ಎರಡು ಲೀಟರ್ ಮಿತಿಯಲ್ಲಿ ಇದಕ್ಕೊಂದು ಜಾಗ ಕೊಟ್ಟರೆ ನಷ್ಟವಿಲ್ಲ.

ಹೃದಯಕ್ಕೆ ಒಳ್ಳೆಯದೆಂದು ರೆಡ್ ವೈನ್ ಕೊಳ್ಳುವವರಿಗೆ ಈ ಅಧ್ಯಾಯದಲ್ಲಿ ಬೆಂಬಲವಿಲ್ಲ. ಅಡಿಕೆಯೂ ಮದ್ಯವೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿವೆ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಹೊಸದಾಗಿ ಶುರು ಮಾಡಲು ಕಾರಣವೇ ಇಲ್ಲ. ಕುಡಿಯುವವರು ಕಡಿಮೆ ಕೊಂಡು, ತಿಳಿದು ಕೊಂಡು, ಕಾದು ಕುಡಿಯಲಿ ಎಂಬುದಷ್ಟೇ ಇಲ್ಲಿನ ಆಶಯ.

ಇನ್ನು ಲೆಕ್ಕ. ವೈನಿಗೆಂದೇ ತಂಪು ಪೆಟ್ಟಿಗೆ ಕೊಳ್ಳುವುದಾದರೆ ಅದರ ಬೆಲೆಯನ್ನೂ ಕರೆಂಟ್ ಬಿಲ್ಲನ್ನೂ ಬಾಟಲಿಗಳ ಮೇಲೆ ಹಂಚಿ ನೋಡಬೇಕು. ಆರೇಳು ಬಾಟಲಿಗಾಗಿ ಅದು ಗಿಟ್ಟದು. ಮನೆಯ ಫ್ರಿಜ್ಜಿನ ಕೆಳಗಿನ ತಟ್ಟೆ ವೈನಿಗೆ ಹೆಚ್ಚು ತಣ್ಣಗಾದರೂ ಎರಡು ವರ್ಷದ ಮಟ್ಟಿಗೆ 27 ಡಿಗ್ರಿಯ ಕಪಾಟಿಗಿಂತ ಎಷ್ಟೋ ವಾಸಿ. ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಮಕ್ಕಳ ಮನೆಯಿದ್ದರೆ ಅಲ್ಲಿನ ಕತ್ತಲ ಮೂಲೆ ಇಲ್ಲಿಯದಕ್ಕಿಂತ ಮೇಲು. ಕೊಳ್ಳುವಾಗ ವೈನ್ ಶಾಪಿನ ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತ ಬಾಟಲಿ ಬೇಡ, ಹೊಸದಾಗಿ ಬಂದ ಪೆಟ್ಟಿಗೆ ಒಡೆದು ಕೊಡಲು ಕೇಳಿ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಕತ್ತಿನ ಹೊದಿಕೆಯ ಕೆಳಗೆ ಅಂಟಂಟು ಸೋರಿಕೆ ಕಂಡರೆ ಅದು ದಾರಿಯಲ್ಲೇ ಕಾದಿದೆ. ಮೊದಲು ಒಂದೇ ಕೊಂಡು ಎರಡು ದಿನ ರುಚಿ ನೋಡಿ, ಒಪ್ಪಿದರೆ ಅದೇ ಕೊಯ್ಲಿನ ಐದು ಕೊಂಡು, ಮಲಗಿಸಿಟ್ಟು, ಕೊಂಡ ತಿಂಗಳನ್ನು ಲೇಬಲ್ಲಿನ ಮೇಲೆ ಬರೆಯಿರಿ. ಮಳೆ ಕಳೆದು ದೀಪಾವಳಿಯ ಹೊತ್ತಿಗೆ ವರ್ಷಕ್ಕೊಂದು ತೆರೆದು, ಅದೇ ಬಿಳಿ ಬಟ್ಟೆಯ ಮೇಲೆ ಅದೇ ಅಂಚು ನೋಡಿ. ಒಗರು ಇನ್ನೂ ಬಿಗಿಯಾಗಿದ್ದು ಹಣ್ಣು ಗಟ್ಟಿಯಾಗಿದ್ದರೆ ಉಳಿದವು ಮಲಗಿರಲಿ. ಹಣ್ಣು ಹಿಂದೆ ಸರಿಯತೊಡಗಿದರೆ ಉಳಿದಷ್ಟನ್ನೂ ಆ ವರ್ಷವೇ ತೆರೆದುಬಿಡಿ.