ಮೂರು ಹುಲಿ, ಹದಿನೈದು ಆಡು

ಹಳೆಯ ಗುಡಿಗಳ ಜಗಲಿಯ ಮೇಲೆ, ಕೆರೆಯ ಮೆಟ್ಟಿಲುಗಳ ಮೇಲೆ, ಊರ ಮುಂದಿನ ಅರಳಿಕಟ್ಟೆಯ ಚಪ್ಪಡಿಯ ಮೇಲೆ ಒಂದು ಬಗೆಯ ಗೆರೆಗಳು ಕಾಣಸಿಗುತ್ತವೆ. ಮೇಲೊಂದು ಶಿಖರ, ಅಲ್ಲಿಂದ ಹರಡಿಕೊಂಡು ಕೆಳಗಿಳಿಯುವ ನಾಲ್ಕು ಓರೆಗೆರೆ, ಅವುಗಳನ್ನು ಕತ್ತರಿಸಿ ಹಾಯುವ ಅಡ್ಡಗೆರೆಗಳು. ಕಲ್ಲುಕುಟಿಗನು ತನ್ನ ಲೆಕ್ಕಕ್ಕೆ ಬರೆದುಕೊಂಡ ಗುರುತೆಂದು ಕೆಲವರು ದಾಟಿಹೋಗುತ್ತಾರೆ. ಯಾವುದೋ ಯಂತ್ರವಿರಬೇಕೆಂದು ಭಕ್ತಿಯಿಂದ ಕೈಮುಗಿದವರನ್ನೂ ನಾವು ಕಂಡಿದ್ದೇವೆ. ಅದು ಯಂತ್ರವಲ್ಲ, ಆಡು-ಹುಲಿ ಆಟದ ಮನೆ. ಹಂಪೆಯ ಮಂಟಪಗಳ ನೆಲಗಲ್ಲಿನಲ್ಲಿಯೂ ಇಂತಹ ಹಲವು ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ನೋಡಬಹುದು.

ಆಡಿದವರ ಹೆಸರು ಎಲ್ಲಿಯೂ ಉಳಿದಿಲ್ಲ, ಗೆರೆ ಉಳಿದಿದೆ. ಯಾವ ರಾಜಾಶ್ರಯವೂ ಇಲ್ಲದೆ, ಯಾವ ಶಾಸ್ತ್ರಗ್ರಂಥದ ಆಧಾರವೂ ಬೇಡದೆ, ಒಂದು ಆಟ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದುದು ಹೇಗೆ? ಒಮ್ಮೆ ಕಲಿತವನು ಅದನ್ನು ಜೀವನಪರ್ಯಂತ ಬಿಡದಿರುವುದು ಏಕೆ? ಈ ಎರಡು ಪ್ರಶ್ನೆಗಳನ್ನು ನಮ್ಮ ಕುಟುಂಬಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಆಟದ ಬಗೆ

ಮರೆತವರಿಗಾಗಿ, ಅರಿಯದ ಮಕ್ಕಳಿಗಾಗಿ ಆಟದ ಕ್ರಮವನ್ನು ಮೊದಲು ಹೇಳಿಬಿಡುತ್ತೇವೆ. ಶಿಖರದಲ್ಲಿ ೧ ಮನೆ. ಅದರ ಕೆಳಗೆ ೩ ಅಡ್ಡಗೆರೆಗಳು. ಒಂದೊಂದು ಗೆರೆಯಲ್ಲಿ ಎರಡು ತುದಿಗಳೂ ಸೇರಿ ೬ ಮನೆಗಳು. ಈ ಗೆರೆಗಳ ಎಡತುದಿಗಳನ್ನು ಒಂದು ನೇರ ಗೆರೆಯೂ ಬಲತುದಿಗಳನ್ನು ಇನ್ನೊಂದು ನೇರ ಗೆರೆಯೂ ಕೂಡಿಸುತ್ತವೆ. ಓರೆಗೆರೆಗಳು ಬಂದು ಮುಟ್ಟುವ ತಳದ ಗೆರೆಯಲ್ಲಿ ೪ ಮನೆಗಳು. ಒಟ್ಟು ೨೩. ಹುಲಿಗಳು ೩, ಆಡುಗಳು ೧೫. ಹುಲಿಗೆ ದಪ್ಪ ಕಲ್ಲು, ಆಡಿಗೆ ಹುಣಸೆ ಬೀಜ ಸಾಕು.

ಹುಲಿಗಳು ಮೊದಲೇ ಶಿಖರದಲ್ಲಿಯೂ ಅದರ ಕೆಳಗೂ ಕುಳಿತಿರುತ್ತವೆ. ಆಡುಗಳನ್ನು ಒಂದೊಂದಾಗಿ ಹೂಡುತ್ತ ಬರಬೇಕು. ಒಂದು ಆಡು ಹೂಡಿದೊಡನೆ ಒಂದು ಹುಲಿ ನಡೆಯುತ್ತದೆ. ಹದಿನೈದೂ ಆಡುಗಳು ಇಳಿಯುವ ತನಕ ಹೂಡಿದ ಆಡನ್ನು ಸರಿಸುವಂತಿಲ್ಲ. ಆಡಿನ ಬೆನ್ನ ಹಿಂದಿನ ಮನೆ ಬರಿದಾಗಿದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಅಲ್ಲಿ ಇನ್ನೊಂದು ಆಡು ನಿಂತಿದ್ದರೆ ಹಾರಲಾರದು. ಎಷ್ಟು ಆಡು ತಿಂದರೆ ಹುಲಿಗೆ ಗೆಲವು ಎಂಬ ನಿಯಮ ಮನೆಯಿಂದ ಮನೆಗೆ ಬೇರೆ. ಆಡುಗಳ ಗೆಲವು ಮಾತ್ರ ಎಲ್ಲೆಡೆಯೂ ಒಂದೇ: ಮೂರು ಹುಲಿಗಳೂ ಮಿಸುಕದಂತೆ ಸುತ್ತುಗಟ್ಟಬೇಕು.

ಇಲ್ಲಿ ದಾಳವಿಲ್ಲ, ಕವಡೆಯಿಲ್ಲ. ಅದೃಷ್ಟವನ್ನು ಹಳಿಯಲು ಅವಕಾಶವೇ ಇಲ್ಲ. ಸೋತವನು ಸೋತದ್ದು ತನ್ನ ಎಣಿಕೆಯಿಂದ. ಇನ್ನೂ ಒಂದು ವಿಶೇಷವನ್ನು ಗಮನಿಸಬೇಕು. ಚದುರಂಗದಲ್ಲಿ ಎರಡು ಪಕ್ಷಗಳಿಗೂ ಸಮಬಲ. ಇಲ್ಲಿ ಒಂದು ಪಕ್ಷಕ್ಕೆ ಕೊಲ್ಲುವ ಶಕ್ತಿ ಇದೆ, ಸಂಖ್ಯೆಯಿಲ್ಲ. ಇನ್ನೊಂದಕ್ಕೆ ಸಂಖ್ಯೆ ಇದೆ, ಕೊಲ್ಲುವ ಶಕ್ತಿಯಿಲ್ಲ. ಬಲಹೀನರು ಒಬ್ಬರ ಬೆನ್ನಿಗೊಬ್ಬರು ನಿಂತರೆ ಮಾತ್ರ ಬಲಿಷ್ಠನನ್ನು ತಡೆಯಬಹುದೆಂಬ ಅರಿವು ಈ ಗೆರೆಗಳೊಳಗೇ ಅಡಗಿದೆ.

ನಾಲ್ಕು ನುಡಿ, ಒಂದೇ ಮನೆ

ಬೆಂಗಳೂರಿನ ದಂಡುಪ್ರದೇಶ ಹುಟ್ಟಿದ್ದು ೧೮೦೯ರಲ್ಲಿ, ಬ್ರಿಟಿಷರ ದಂಡು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದಾಗ. ದಂಡಿನ ಬೆನ್ನಿಗೆ ತಮಿಳು, ತೆಲುಗು, ಉರ್ದು ನುಡಿಯುವ ಕುಶಲಕರ್ಮಿಗಳೂ ವ್ಯಾಪಾರಿಗಳೂ ಬಂದು ನೆಲೆಸಿದರು. ಇಂದಿನ ಶಿವಾಜಿನಗರ ಅಂದು ಬ್ಲ್ಯಾಕ್‌ಪಲ್ಲಿ. ಅದಕ್ಕಿಂತ ಎಷ್ಟೋ ಹಳೆಯದಾದ ಹಲಸೂರು ತನ್ನ ಸೋಮೇಶ್ವರನ ಗುಡಿಯನ್ನೂ ಕೆರೆಯನ್ನೂ ಇಟ್ಟುಕೊಂಡು ಈ ದಂಡಿನ ಮಗ್ಗುಲಲ್ಲಿ ಉಳಿಯಿತು. ಮುಂದೆ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆ ಸ್ಥಾಪನೆಯಾದ ಮೇಲೆ ನಾಡಿನ ನಾನಾ ಜಿಲ್ಲೆಗಳಿಂದ ಕಾಯಕವನ್ನರಸಿ ಬಂದವರು ಈ ಪೂರ್ವಭಾಗವನ್ನು ತುಂಬಿದರು. ನಮ್ಮ ಸಮಾಜದ ಅನೇಕ ಕುಟುಂಬಗಳೂ ಹೀಗೆಯೇ ಬಂದವು.

ಬಂದವರು ತಂದ ಗಂಟಿನಲ್ಲಿ ಆಟಗಳೂ ಇದ್ದವು. ಕನ್ನಡಿಗನು ಆಡು-ಹುಲಿ, ಹುಲಿಘಟ್ಟ ಎಂದುದನ್ನು ತಮಿಳರು ಆಡು ಪುಲಿ ಆಟ್ಟಂ ಎನ್ನುತ್ತಾರೆ. ತೆಲುಗರಿಗೆ ಅದು ಪುಲಿ-ಮೇಕ. ಉರ್ದು ಮನೆಗಳಲ್ಲಿ ಶೇರ್-ಬಕ್ರಿ. ಮಾತು ಬಾರದ ನೆರೆಮನೆಯ ಮಗುವಿನೊಡನೆಯೂ ಆಡಬಹುದಾದ ಆಟವಿದು. ಗೆರೆ ಎಳೆದು ಕಲ್ಲು ಇಟ್ಟರೆ ಎದುರಿಗಿದ್ದವನಿಗೆ ಎಲ್ಲವೂ ಅರ್ಥವಾಗುತ್ತದೆ. ನಾಲ್ಕು ನುಡಿಗಳ ಕೇರಿಯಲ್ಲಿ ಇಂತಹ ಆಟ ಮಾಡಿದ ಸ್ನೇಹಸೇವೆ ಸಣ್ಣದಲ್ಲ.

ಆಟ ಕೈಗೆ ಬರುವ ದಾರಿ

ಈ ಆಟವನ್ನು ಪುಸ್ತಕ ಓದಿ ಕಲಿತವರು ವಿರಳ. ಅಜ್ಜಿಯ ಪಕ್ಕದಲ್ಲಿ ಕುಳಿತು, ಮೊದಲು ಹತ್ತಾರು ಬಾರಿ ಸುಮ್ಮನೆ ನೋಡಿ, ಆಮೇಲೆ ಬೀಜ ಎತ್ತಿಕೊಡುವ ಅಧಿಕಾರ ಪಡೆದು, ಕೊನೆಗೊಂದು ದಿನ ಆಡುಗಳ ಯಜಮಾನಿಕೆ ಸಿಕ್ಕವರೇ ಹೆಚ್ಚು. ಶಿವರಾತ್ರಿಯ ಜಾಗರಣೆ ಅನೇಕ ಮನೆಗಳಲ್ಲಿ ಈ ವಿದ್ಯೆಯ ಪಾಠಶಾಲೆಯಾಗಿತ್ತು. ಇಷ್ಟಲಿಂಗಪೂಜೆ ಮುಗಿದು, ಭಜನೆಯ ನಡುವೆ ವಿರಾಮ ಬಂದಾಗ, ಮಕ್ಕಳು ನಿದ್ದೆಗೆ ಜಾರದಿರಲೆಂದು ಹಿರಿಯರು ನೆಲದ ಮೇಲೆ ಬಳಪದಿಂದ ಗೆರೆ ಎಳೆಯುತ್ತಿದ್ದರು. ಬೆಳಗಾಗುವ ಹೊತ್ತಿಗೆ ಮಗು ಎಚ್ಚರವಾಗಿಯೂ ಇರುತ್ತಿತ್ತು, ಆಟವನ್ನೂ ಕಲಿತಿರುತ್ತಿತ್ತು.

ನಾವು ಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಪ್ರಸಾದವಾದ ಮೇಲಿನ ಅರ್ಧ ಗಂಟೆ ಕೈಸಾಲೆಯ ಚಪ್ಪಡಿಯ ಸುತ್ತ ಗುಂಪು ಸೇರುತ್ತಿತ್ತು. ಹಿರಿಯ ವಿದ್ಯಾರ್ಥಿಯೊಬ್ಬರು ಹೊಸಬರಿಗೆ ಎರಡೇ ಮಾತು ಹೇಳಿಕೊಡುತ್ತಿದ್ದರು: ಮೊದಲ ಆಡುಗಳನ್ನು ಅಂಚಿನಲ್ಲಿ ಹೂಡು, ಅಲ್ಲಿ ಅವುಗಳ ಹಿಂದೆ ಹಾರಿ ಇಳಿಯಲು ಹುಲಿಗೆ ಜಾಗವಿರದು, ಒಂದನ್ನು ಹೂಡುವಾಗ ಅದರ ಜೊತೆಗಾರ ಎಲ್ಲಿ ನಿಲ್ಲುವನೆಂದು ಮೊದಲೇ ಯೋಚಿಸು. ವ್ಯಾಕರಣದ ಎಷ್ಟೋ ಸೂತ್ರಗಳು ಮಸುಕಾದವು. ಈ ಎರಡು ಮಾತು ಅಳಿಯಲಿಲ್ಲ.

ಚದುರಂಗದ ಚಕ್ರವರ್ತಿ ಎನಿಸಿದ ವಿಶ್ವನಾಥನ್ ಆನಂದ್ ಅವರ ಕಥೆಯೂ ಇದಕ್ಕೆ ಹೊರತಲ್ಲ. ೬ನೆಯ ವಯಸ್ಸಿನಲ್ಲಿ ಅವರಿಗೆ ಕಾಯಿ ನಡೆಸುವುದನ್ನು ಕಲಿಸಿದವರು ಅವರ ತಾಯಿಯೇ. ದೊಡ್ಡ ಆಟವಾಗಲಿ ಚಿಕ್ಕ ಆಟವಾಗಲಿ, ಮೊದಲ ದೀಕ್ಷೆ ಸಿಗುವುದು ಮನೆಯ ಹಿರಿಯರ ಕೈಯಿಂದ.

ಬಿಡದ ನಂಟು

ಹಳೆಯ ಆಟವೊಂದರಲ್ಲಿ ಮನುಷ್ಯ ಎಷ್ಟು ಕಾಲ ನಿಷ್ಠೆಯಿಂದ ಉಳಿಯಬಲ್ಲನೆಂಬುದಕ್ಕೆ ಕನ್ನಡನಾಡಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗಿಂತ (೧೭೯೪–೧೮೬೮) ಮಿಗಿಲಾದ ನಿದರ್ಶನವಿಲ್ಲ. ಅವರು ಆಡಿದ್ದು ಚದುರಂಗ. ಆದರೆ ನಿಷ್ಠೆಯ ಗುಟ್ಟು ಎರಡು ಆಟಗಳಲ್ಲಿಯೂ ಒಂದೇ. ೧೭೯೯ರಲ್ಲಿ ಎಳೆಯ ಬಾಲಕರಾಗಿ ಪಟ್ಟವೇರಿದ ಅವರ ಕೈಯಿಂದ ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡರು. ಅಂದಿನಿಂದ ಬೆಂಗಳೂರಿನಲ್ಲಿ ಕುಳಿತ ಕಮಿಷನರು ನಾಡನ್ನು ಆಳಿದರು; ಮಹಾರಾಜರು ಮೈಸೂರಿನ ಅರಮನೆಯಲ್ಲಿ ಉಳಿದರು. ಆ ದೀರ್ಘ ವರ್ಷಗಳಲ್ಲಿ ಅವರ ಆಸ್ಥಾನ ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಜೊತೆಗೆ ಆಟಗಳ ಆಶ್ರಯವೂ ಆಯಿತು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲಾಗಿದೆ.

ಅವರ ಮನಸ್ಸನ್ನು ಹಿಡಿದಿಟ್ಟ ಒಂದು ಸಮಸ್ಯೆ ಕುದುರೆಯ ನಡಿಗೆ. ೬೪ ಮನೆಗಳಲ್ಲಿ ಯಾವುದನ್ನೂ ಎರಡನೆಯ ಬಾರಿ ತುಳಿಯದೆ ಕುದುರೆ ಎಲ್ಲವನ್ನೂ ಸುತ್ತಿಬರಬೇಕು. ಮಹಾರಾಜರು ಇದನ್ನು ಇನ್ನೂ ಕಠಿನಗೊಳಿಸಿದರು. ಕುದುರೆ ಇಟ್ಟ ಹೆಜ್ಜೆಗಳಿಗೆ ೧ರಿಂದ ೬೪ರವರೆಗೆ ಅಂಕಿ ಬರೆದರೆ ಪ್ರತಿಯೊಂದು ಅಡ್ಡಸಾಲೂ ಪ್ರತಿಯೊಂದು ಉದ್ದಸಾಲೂ ಕೂಡಿದಾಗ ೨೬೦ ಆಗುವಂತಹ ನಡಿಗೆಯನ್ನು ಅವರು ಸಾಧಿಸಿದರು. ಮೂಲೆಯಿಂದ ಮೂಲೆಗೆ ಹೋಗುವ ಕರ್ಣಗಳೂ ೨೬೦ ಆಗಬಲ್ಲವೇ ಎಂಬ ಪ್ರಶ್ನೆ ಗಣಿತಜ್ಞರನ್ನು ಬಹುಕಾಲ ಕಾಡಿತು. ೨೦೦೩ರಲ್ಲಿ ಗಣಕಯಂತ್ರಗಳಿಂದ ಎಲ್ಲ ಸಾಧ್ಯತೆಗಳನ್ನೂ ಶೋಧಿಸಿ, ಅದು ಆಗದೆಂದು ತೀರ್ಮಾನಿಸಲಾಯಿತು. ಒಂದು ಹಳೆಯ ಹಲಗೆ ಒಂದೂವರೆ ಶತಮಾನ ಕಾಲ ಪ್ರಶ್ನೆಯನ್ನು ಜೀವಂತವಾಗಿಟ್ಟಿತು! ಅದೇ ಮೈಸೂರಿನ ಎಂ. ಎಸ್. ತೇಜಕುಮಾರ್ ಅವರು ೨೦೧೭ರಲ್ಲಿ ಕರ್ನಾಟಕದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದರು.

ಆಡು-ಹುಲಿಯ ನಂಟೂ ಇಂತಹುದೇ. ಇದರ ಸೋದರ ಆಟವೊಂದು ನೇಪಾಳದಲ್ಲಿ ಬಾಘ್-ಚಾಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅಲ್ಲಿ ೨೫ ಮನೆ, ೪ ಹುಲಿ, ೨೦ ಆಡು. ಈ ಶತಮಾನದ ಮೊದಲ ದಶಕದಲ್ಲಿ ಸಂಶೋಧಕರು ಅದನ್ನು ಗಣಕಯಂತ್ರದಲ್ಲಿ ಪರೀಕ್ಷಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲರು, ಯಾರೂ ಸೋಲರು ಎಂದು ಕಂಡುಕೊಂಡರು. ಬಲಶಾಲಿಗೂ ಬಲಹೀನನಿಗೂ ನಮ್ಮ ಪೂರ್ವಿಕರು ಹಾಕಿದ ತಕ್ಕಡಿ ಅಷ್ಟು ಸಮನಾಗಿತ್ತು. ಆದುದರಿಂದ ಗೆಲವು ಬರುವುದು ಎದುರಾಳಿಯ ಒಂದು ಕ್ಷಣದ ಅಜಾಗರೂಕತೆಯಿಂದ. ಇಂದು ಎಡವಿದವನು ನಾಳೆ ಎಡವಲಾರೆನೆಂದು ಮತ್ತೆ ಬಂದು ಕೂರುತ್ತಾನೆ. ಮೊದಲನೆಯ ಆಟದಲ್ಲಿ ಹುಲಿಯಾದವನು ಎರಡನೆಯದರಲ್ಲಿ ಆಡಾಗುತ್ತಾನೆ. ಬೇಟೆಯಾಡಿದವನೇ ಬೇಟೆಗೆ ಗುರಿಯಾಗಿ ನಿಂತು ಅದರ ಕಷ್ಟವನ್ನು ಅರಿಯುತ್ತಾನೆ. ಈ ಅರಿವು ಮುಗಿಯದುದರಿಂದ ಆಟವೂ ಮುಗಿಯುವುದಿಲ್ಲ.

ಜೂಜು ಬೇರೆ, ಆಟ ಬೇರೆ

ಕಾಯಕನಿಷ್ಠರಾದ ನಮ್ಮ ಸಮಾಜದಲ್ಲಿ ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಹಿರಿಯರಿದ್ದಾರೆ. ಅವರ ಆತಂಕಕ್ಕೆ ಕಾರಣವುಂಟು. ಪಣವಿಟ್ಟು ಆಡಿ ಮನೆ-ಮಠ ಕಳೆದುಕೊಂಡವರನ್ನು ಅವರು ಕಂಡಿದ್ದಾರೆ. ಇತ್ತೀಚೆಗೆ ಮೊಬೈಲಿನೊಳಗೇ ಜೂಜಿನ ಅಡ್ಡೆ ಬಂದು ಕುಳಿತು ಎಷ್ಟೋ ತರುಣರು ಸಾಲದ ಮಡುವಿಗೆ ಬಿದ್ದರು. ಕೊನೆಗೆ ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಬೇಕಾಯಿತು.

ಆದರೆ ಜೂಜಿನ ಮೇಲಿನ ಕೋಪದಲ್ಲಿ ಬುದ್ಧಿಯ ಆಟವನ್ನೂ ಹೊರಗೆಸೆಯುವುದು ವಿವೇಕವಲ್ಲ. ಶರಣರ ಕಾಲಕ್ಕೆ ಕೆಲವೇ ದಶಕಗಳ ಮುನ್ನ ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ (೧೧೨೬–೧೧೩೮) ಮಾನಸೋಲ್ಲಾಸದಲ್ಲಿ ಚತುರಂಗದ ವಿವರಣೆ ಬರುತ್ತದೆ; ರಾಜನೀತಿಯನ್ನು ಬೋಧಿಸುವ ಗ್ರಂಥದಲ್ಲಿಯೇ ಆಟಕ್ಕೂ ಎಡೆಯಿದೆ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಮನಸ್ಸಿಗೂ ವಿನೋದ ಬೇಕು. ಪಣವಿಲ್ಲದ, ದಾಳವಿಲ್ಲದ, ಕಾಸು ಖರ್ಚಿಲ್ಲದ ಆಡು-ಹುಲಿಯಲ್ಲಿ ಕಳೆದುಕೊಳ್ಳುವುದು ಹುಣಸೆ ಬೀಜವನ್ನು ಮಾತ್ರ.

ಉಳಿಯಬೇಕಾದುದು

ಹಲಸೂರಿನ ಭಕ್ತರೊಬ್ಬರ ಮನೆಯಲ್ಲಿ ನಾವು ಕಂಡ ಸಂಗತಿಯನ್ನು ಇಲ್ಲಿ ಹೇಳಬೇಕು. ಎಂಬತ್ತು ದಾಟಿದ ತಾಯಿಗೆ ಕಿವಿ ಮಂದವಾಗಿತ್ತು. ಮಗ-ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮರಳುವುದು ರಾತ್ರಿ. ಮೊಮ್ಮಗನಿಗೆ ಇಂಗ್ಲಿಷಿನ ಶಾಲೆ. ಅವನ ಮಾತು ಅಜ್ಜಿಗೆ ಕೇಳದು, ಅಜ್ಜಿಯ ಮಾತು ಅವನಿಗೆ ರುಚಿಸದು. ಒಂದು ಬೇಸಿಗೆಯ ರಜೆಯಲ್ಲಿ ಆ ತಾಯಿ ಹಜಾರದ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಮೊದಲ ವಾರವೆಲ್ಲ ಮೊಮ್ಮಗ ಸೋತ. ಎರಡನೆಯ ವಾರ ಶಾಲೆಯ ಗೆಳೆಯರನ್ನು ಕರೆತಂದು ಅವರೆಲ್ಲ ಸೇರಿ ಸೋತರು. ನಾವು ಹೋದಾಗ ಅಜ್ಜಿ ಹುಲಿಯನ್ನು ಕೈಯಲ್ಲಿ ಹಿಡಿದು ಯೋಚಿಸುತ್ತಿದ್ದರು. ಹುಡುಗ ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುತ್ತಿದ್ದ. ಮಾತೇ ಬೇಡವಾಗಿತ್ತು. “ಬುದ್ಧಿ, ಇವನು ಈಗ ನನ್ನನ್ನು ಹುಡುಕಿಕೊಂಡು ಬರುತ್ತಾನೆ” ಎಂದು ಆ ತಾಯಿ ಹೇಳಿದಾಗ ಅವರ ಕಣ್ಣು ತುಂಬಿತ್ತು.

ಆಟ ಅಳಿದರೆ ಹೋಗುವುದೇನೆಂದು ಕೇಳುವವರಿಗೆ ಇದೇ ಉತ್ತರ. ಕಲ್ಲು, ಬೀಜ, ಬಳಪ ಎಲ್ಲಿಯಾದರೂ ಸಿಗುತ್ತವೆ. ಎದುರಿಗೆ ಕೂರುವವರು ಸಿಗುವುದಿಲ್ಲ. ಈ ಆಟವನ್ನು ಬಲ್ಲ ಹಿರಿಯರು ಇಂದಿರಾನಗರದ ಬಹುಮಹಡಿ ಮನೆಗಳಲ್ಲಿಯೂ ಕೃಷ್ಣರಾಜಪುರದ ಬಡಾವಣೆಗಳಲ್ಲಿಯೂ ಒಬ್ಬೊಬ್ಬರೇ ಕಿಟಕಿಯ ಬಳಿ ಕುಳಿತಿದ್ದಾರೆ. ಅವರನ್ನು ಕೇಳುವವರಿಲ್ಲದೆ ಒಂದೊಂದು ಮನೆಯ ನಿಯಮವೂ ಅವರೊಡನೆ ಲಿಂಗೈಕ್ಯವಾಗುತ್ತಿದೆ.

ಆದುದರಿಂದ ಸದ್ಭಕ್ತ ಕುಟುಂಬಗಳಲ್ಲಿ ನಮ್ಮ ವಿನಂತಿ ಎರಡು. ಮೊದಲನೆಯದು ಗುಡಿ-ಮಠಗಳ ಜೀರ್ಣೋದ್ಧಾರ ಸಮಿತಿಯವರಿಗೆ: ಹೊಸ ನೆಲಹಾಸು ಹಾಕಿಸುವ ಮುನ್ನ ಹಳೆಯ ಚಪ್ಪಡಿಗಳನ್ನು ತೊಳೆಯಿಸಿ ನೋಡಿರಿ. ಆಟದ ಗೆರೆ ಕಂಡರೆ ಆ ಒಂದು ಕಲ್ಲನ್ನಾದರೂ ಉಳಿಸಿರಿ. ಎರಡನೆಯದು ಮನೆಯವರಿಗೆ: ಬರುವ ಶಿವರಾತ್ರಿಯ ಜಾಗರಣೆಯಲ್ಲಿ ಮನೆಯ ಅತಿ ಹಿರಿಯರ ಮುಂದೆ ಒಂದು ಬಳಪವನ್ನು ಇಡಿರಿ. “ಅಜ್ಜಿ, ನಿಮ್ಮೂರಿನಲ್ಲಿ ಹುಲಿ ಎಷ್ಟು ಆಡು ತಿಂದರೆ ಗೆಲವು?” ಎಂದು ಮಗುವಿನಿಂದ ಕೇಳಿಸಿರಿ. ಮಿಕ್ಕುದನ್ನು ಅವರೇ ನೋಡಿಕೊಳ್ಳುತ್ತಾರೆ.