ರೆಡ್ ಸ್ಪೆಷಲ್ ಗಿಟಾರು: ನಕಲು ಮಾಡಬೇಕಾದ್ದು ಯಾವುದನ್ನು?

ಬಾರಾಮತಿಯ ಪಿಯಾಜಿಯೊ ಕಾರ್ಖಾನೆಯಿಂದ ವೆಸ್ಪಾ ಸ್ಕೂಟರುಗಳೂ ಮೂರು ಚಕ್ರದ ಆಪೆ ಗಾಡಿಗಳೂ ಹೊರಬರುತ್ತವೆ. ಅಂಥ ಊರಿನ ಮೆಕ್ಯಾನಿಕ್ಕುಗಳಿಗೆ ಎಂಜಿನ್ನಿನ ವಾಲ್ವ್ ಸ್ಪ್ರಿಂಗ್ ಅಪರೂಪದ ವಸ್ತುವಲ್ಲ. ರಾಕ್ ಸಂಗೀತದ ಬಹು ಹೆಸರಾದ ಗಿಟಾರೊಂದರ ಒಡಲಲ್ಲಿ ಇರುವುದೂ ಹಳೆಯ ಮೋಟಾರ್ ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳೇ. ಮುಂದೆ ಕ್ವೀನ್ ರಾಕ್ ತಂಡ ಕಟ್ಟಿದವರಲ್ಲೊಬ್ಬರಾದ ಬ್ರಯಾನ್ ಮೇ, ಅಂಗಡಿಯ ಗಿಟಾರು ಕೊಳ್ಳಲು ಹಣವಿಲ್ಲದೆ, 1963ರಲ್ಲಿ ತಂದೆ ಹೆರಾಲ್ಡ್ ಜೊತೆ ಮನೆಯಲ್ಲೇ ಅದನ್ನು ಕಟ್ಟಲು ತೊಡಗಿದರು. ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ ಅದರ ದಂಡಿಯಾಯಿತು, ಹಳೆಯ ಮೇಜಿನ ಓಕ್ ಒಡಲಿಗೆ ಸೇರಿತು, ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು ದಂಡಿಯ ಮೇಲಿನ ಗುರುತುಗಳಾದವು. ಬಾರಾಮತಿಗೆ ಪಶ್ಚಿಮದಲ್ಲಿರುವ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಓದಿದ, ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕಂಠಕ್ಕೆ ಜೊತೆಯಾದದ್ದು ಈ 'ರೆಡ್ ಸ್ಪೆಷಲ್' ಗಿಟಾರೇ. ಮನೆಯಲ್ಲಿ ಹುಟ್ಟಿದ ವಾದ್ಯವನ್ನು ಬಾರಾಮತಿಯ ಶೆಡ್ಡೊಂದರಲ್ಲೂ ಮರಳಿ ಕಟ್ಟಬಹುದು. ಆದರೆ ಅದಕ್ಕೆ ಇಂಗ್ಲೆಂಡಿನ ಬೆಂಕಿಗೂಡನ್ನು ಹುಡುಕಿಕೊಂಡು ಹೋಗಬೇಕಿಲ್ಲ. ನಕಲು ಮಾಡಬೇಕಾದ್ದು ಸಾಮಗ್ರಿಯನ್ನಲ್ಲ, ಅಳತೆಗಳ ನಡುವಿನ ಸಂಬಂಧಗಳನ್ನು.

ಮೊದಲ ಸಾಕ್ಷಿ ದಂಡಿಯ ಮೇಲಿನ ಮೆಟ್ಟಿಲುಗಳದು (ಫ್ರೆಟ್). ಈ ಗಿಟಾರಿನಲ್ಲಿ ಮಿಡಿಯುವ ತಂತಿಯ ಉದ್ದ 24 ಅಂಗುಲ, ಅಂದರೆ ಸುಮಾರು 610 ಮಿಲಿಮೀಟರ್, ಮೆಟ್ಟಿಲುಗಳೂ 24. ಪ್ರತಿ ಮೆಟ್ಟಿಲಿನಲ್ಲೂ ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ಜಾಗ ಸಿಗುತ್ತದೆ: ಮೊದಲನೆಯದು 34.2 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ನಡುವಿಗೆ. ಹನ್ನೆರಡನೆಯ ಮೆಟ್ಟಿಲು 1 ಮಿಲಿಮೀಟರ್ ಸರಿದರೆ ಶ್ರುತಿ ಅರ್ಧಸ್ವರದ ನೂರರಲ್ಲಿ ಸುಮಾರು 6 ಪಾಲು ತಪ್ಪುತ್ತದೆ. ಕೊನೆಯ ಮೆಟ್ಟಿಲು ಅಷ್ಟೇ ಸರಿದರೆ ತಪ್ಪು 11 ಪಾಲಿಗೆ ಏರುತ್ತದೆ. ಎಷ್ಟು ಬೆಲೆಯ ಮರವಾದರೂ ಈ ತಪ್ಪನ್ನು ತಿದ್ದಲಾರದು. ಎರಡನೆಯ ಸಾಕ್ಷಿ ಆ ಸ್ಪ್ರಿಂಗುಗಳದು. ತೆಳುವಾದ ಆರು ತಂತಿಗಳೂ ಒಟ್ಟಾಗಿ ಸುಮಾರು 30 ಕೆಜಿ ಬಲದಲ್ಲಿ ಎಳೆಯುತ್ತವೆ. ತಂತಿಗಳ ಬುಡವನ್ನು ಹಿಡಿದ ಲೋಹದ ಫಲಕ ಕತ್ತಿಯಲಗಿನಂಥ ಉಕ್ಕಿನ ಅಂಚಿನ ಮೇಲೆ ಕೂತಿದೆ; ಒಂದು ಕಡೆಯಿಂದ ತಂತಿಗಳು ಎಳೆದರೆ ಇನ್ನೊಂದು ಕಡೆಯಿಂದ ಸ್ಪ್ರಿಂಗುಗಳು ತಡೆಯುತ್ತವೆ. ಆ ಫಲಕಕ್ಕೆ ಜೋಡಿಸಿದ ಹಿಡಿಯನ್ನು ಒತ್ತಿ ಸ್ವರವನ್ನು ಜಾರಿಸಿ ಬಿಟ್ಟಾಗ ಅದು ಮೊದಲಿನ ಶ್ರುತಿಗೇ ಮರಳಬೇಕಾದರೆ ಘರ್ಷಣೆ ಕಡಿಮೆಯಿರಬೇಕು. ಬ್ರಿಡ್ಜಿನಲ್ಲಿ ಪುಟ್ಟ ಉರುಳೆಗಳಿರುವುದು, ತಂತಿಗಳು ಬಿರಡೆಗಳತ್ತ ನೆಟ್ಟಗೆ ಸಾಗುವುದು ಈ ಕಾರಣಕ್ಕೇ. ಸ್ಪ್ರಿಂಗು ಯಾವ ಗಾಡಿಯದು ಎಂಬುದಕ್ಕಿಂತ ಅದರ ಬಿಗಿ ತಂತಿಗಳ ಎಳೆತಕ್ಕೆ ಸರಿತೂಗುತ್ತದೆಯೇ ಎಂಬುದು ಮುಖ್ಯ.

ಮರವೇ ನಾದದ ಜೀವ ಎನ್ನುವವರು ಇದನ್ನು ಒಪ್ಪಲಾರರು. ಅವರ ಮಾತಿನಲ್ಲಿ ಹುರುಳಿದೆ. ಈ ಗಿಟಾರಿನ ಒಡಲಲ್ಲಿ ಟೊಳ್ಳುಗಳಿವೆ. ಸ್ಪೀಕರಿನ ಸದ್ದು ತಿರುಗಿ ತಂತಿಗಳನ್ನು ನಡುಗಿಸಿ ಸ್ವರವನ್ನು ಉಳಿಸಿಕೊಳ್ಳಲಿ ಎಂದೇ ಅವನ್ನು ಯೋಜಿಸಲಾಗಿತ್ತು. ಆದರೂ ಮರದಿಂದ ಬೇಕಾದ್ದು ಗಡಸುತನ, ಸಾಂದ್ರತೆ, ಚೆನ್ನಾಗಿ ಒಣಗಿದ ಸ್ಥಿತಿ. ಇವು ಪರೀಕ್ಷಿಸಿ ಆರಿಸಬಹುದಾದ ಗುಣಗಳು. ಮಹಾಗನಿ ಬೇವಿನ ಕುಟುಂಬದ ಮರ, ನಮ್ಮ ಸಿತಾರುಗಳಿಗೆ ಬಳಸುವ ತುನ್ ಮರವೂ ಅದೇ ಕುಟುಂಬದ್ದು. ಇನ್ನು ವಿದ್ಯುತ್ ಗಿಟಾರಿನ ದನಿ ಹುಟ್ಟುವುದು ಪಿಕಪ್ಪಿನಲ್ಲಿ: ಅಯಸ್ಕಾಂತದ ಎದುರು ಉಕ್ಕಿನ ತಂತಿ ಅದುರಿದಾಗ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಮೇ ಮೊದಲು ತಾವೇ ಪಿಕಪ್ ಸುತ್ತಿದ್ದರು. ತಂತಿಯನ್ನು ಪಕ್ಕಕ್ಕೆ ಎಳೆದಾಗ ಕರಕರ ಸದ್ದು ಬರುತ್ತಿದ್ದುದರಿಂದ ಬರ್ನ್ಸ್ ಕಂಪನಿಯ ಮೂರು ಪಿಕಪ್ಪುಗಳನ್ನು ಕೊಂಡರು. ಅವನ್ನು ಸರಣಿಯಲ್ಲಿ ಜೋಡಿಸಿ, ಒಂದೊಂದಕ್ಕೂ ಎರಡು ಸ್ವಿಚ್ ಇಟ್ಟರು: ಒಂದು ಪಿಕಪ್ಪನ್ನು ಚಾಲೂ ಮಾಡಲು, ಇನ್ನೊಂದು ಅದರ ದಿಕ್ಕನ್ನು ತಿರುಗಿಸಲು. ಎರಡು ಪಿಕಪ್ಪುಗಳು ವಿರುದ್ಧ ದಿಕ್ಕಿನಲ್ಲಿ ಕೂಡಿದಾಗ ಮಂದ್ರದ ಅಂಶ ಬಹಳಷ್ಟು ಕಳೆದುಹೋಗಿ ಮೇಲಿನ ಅನುಸ್ವರಗಳು ಎದ್ದು ಕೇಳುತ್ತವೆ. ಆ ಮೊನಚಾದ ದನಿಯನ್ನು ಪಡೆಯಲು ಪಿಕಪ್ಪುಗಳ ಜಾಗವನ್ನೂ ಜೋಡಣೆಯನ್ನೂ ನಿಷ್ಠೆಯಿಂದ ಅನುಸರಿಸಬೇಕು.

ನಕಲಿನಲ್ಲಿ ಸೃಷ್ಟಿ ಎಲ್ಲಿದೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದಕ್ಕೆ ಉತ್ತರ, ಬಾರಾಮತಿಯ ದಕ್ಷಿಣಕ್ಕಿರುವ ಮಿರಜಿನಲ್ಲಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ಕಸುಬಿಗೆ ಹೊರಳಿದವು. ಪಂಢರಪುರದ ಸುತ್ತಲಿನ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳು ಅವರ ಕೈಯಲ್ಲಿ ತಂಬೂರಿಗಳಾದವು. ಆ ತಂಬೂರಿಗಳು ಧಾರವಾಡ ಸೀಮೆಯ ಗಾಯಕರಿಗೆ ಶ್ರುತಿ ಕೊಟ್ಟಿವೆ. ಮಿರಜಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಪ್ರತಿ ಬುರುಡೆಯೂ ಬೇರೆ ಆಕಾರದ್ದು. ಆದ್ದರಿಂದ ಒಂದು ತಂಬೂರಿಯನ್ನು ಇನ್ನೊಂದರ ಪಡಿಯಚ್ಚಾಗಿ ಮಾಡುವುದು ಅಲ್ಲಿ ಸಾಧ್ಯವೇ ಇಲ್ಲ. ಬುರುಡೆಗೆ ತಕ್ಕ ದಂಡಿ, ತಂತಿಗೆ ತಕ್ಕ ಕುದುರೆ (ಬ್ರಿಡ್ಜು), ಕಿವಿಗೆ ತಕ್ಕ ಜವಾರಿ (ಕುದುರೆಯ ಮೇಲ್ಮೈಯ ಹದ) ಎಂದು ಸಂಬಂಧಗಳನ್ನೇ ಕೂಡಿಸಬೇಕು. ಹಿಂದಿನವರ ಅಳತೆಯನ್ನು ಅರ್ಥಮಾಡಿಕೊಂಡು ಕೈಗೆ ಸಿಕ್ಕ ವಸ್ತುವಿನಲ್ಲಿ ಅದನ್ನು ಮತ್ತೆ ಸಾಧಿಸುವುದು ಸೃಷ್ಟಿಯಲ್ಲದೆ ಮತ್ತೇನು?

ಇಷ್ಟೆಲ್ಲ ಮಾಡಿದರೂ ಬ್ರಯಾನ್ ಮೇ ದನಿ ಬಂದೇ ಬರುತ್ತದೆ ಎನ್ನಲಾಗದು. ಅವರು ಮೀಟುವುದು ಆರು ಪೆನ್ನಿಯ ನಾಣ್ಯದಿಂದ, ದನಿ ಹೊರಬರುವುದು ವಾಕ್ಸ್ ಎಸಿ30 ಆಂಪ್ಲಿಫೈಯರಿನ ಮೂಲಕ; ಇವೆರಡಕ್ಕೂ ಮಿಗಿಲಾಗಿ ಕೈಯ ಪಳಗಿಕೆ ಬೇಕು. ಪ್ರತಿಕೃತಿಯಿಂದ ಖಚಿತವಾಗಿ ಸಿಗುವ ಫಲ ಬೇರೆ. ಕಟ್ಟುವವರಿಗೆ ಮೆಟ್ಟಿಲುಗಳ ಲಘುಗಣಕ, ಬಲಗಳ ಸಮತೋಲ, ವಿದ್ಯುತ್ಕಾಂತ ಪ್ರೇರಣೆ ಮೂರೂ ಒಂದೇ ವಸ್ತುವಿನಲ್ಲಿ ಕೈಗೆ ಸಿಗುತ್ತವೆ, ಎಲ್ಲಿ ತಪ್ಪಿತೆಂದು ಕಿವಿಯೇ ಹೇಳುತ್ತದೆ. ಐಟಿಐಗಳಲ್ಲಿ, ಪಾಲಿಟೆಕ್ನಿಕ್ಕುಗಳಲ್ಲಿ ಇಂಥದೊಂದು ಗಿಟಾರು ಕಟ್ಟಿಸುವುದು ಭೌತವಿಜ್ಞಾನವನ್ನು ಕಲಿಸುವ ಒಳ್ಳೆಯ ದಾರಿ. ಅದಕ್ಕೆ ಬೇಕಾದ ಸ್ಪ್ರಿಂಗು, ಮರ, ತಾಮ್ರದ ತಂತಿ ನಮ್ಮ ಊರುಗಳಲ್ಲೇ ಇವೆ.